ಪಂಚರಿಲ್ಲದ ಪಂದ್ಯ
ಮೊದಲ ಗಾಲ್ಫ್ ಸ್ಪರ್ಧೆಗೆ ಹೊರಟವರಿಗೆ ಒಂದಿಷ್ಟು ಮಾತು



ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಕಡೆಯ ಜಾತ್ರೆಗೆ ತೇರು ಎಷ್ಟು ಮುಖ್ಯವೋ ಕುಸ್ತಿ, ತೆರಬಂಡಿ ಕೂಡ ಅಷ್ಟೇ ಮುಖ್ಯ. ಎತ್ತುಗಳು ಬಂಡಿಯನ್ನು ಎಷ್ಟು ದೂರ ಜಗ್ಗಿದವು ಎಂದು ಟೇಪು ಹಿಡಿದು ಅಳೆಯುವವರು ಒಬ್ಬರು, ಗಡಿಯಾರ ನೋಡುವವರು ಇನ್ನೊಬ್ಬರು. ಕುಸ್ತಿ ಕಣದಲ್ಲಿ ಬೆನ್ನು ಮಣ್ಣಿಗೆ ಹತ್ತಿತೋ ಇಲ್ಲವೋ ಎಂದು ಹೇಳಲು ಹಳೆಯ ಪೈಲವಾನರು ಪಂಚರಾಗಿ ನಿಂತಿರುತ್ತಾರೆ. ಇಷ್ಟೆಲ್ಲ ಇದ್ದೂ ಕಣದ ಸುತ್ತ ಒಂದಾದರೂ ತಕರಾರು ಏಳದೆ ಜಾತ್ರೆ ಮುಗಿಯುವುದಿಲ್ಲ. ಇಂಥ ಊರಲ್ಲಿ ಬೆಳೆದ ಹುಡುಗನೊಬ್ಬ ಪಂಚರೇ ಇಲ್ಲದ ಆಟಕ್ಕೆ ಇಳಿದರೆ? ಗಾಲ್ಫ್ ಕ್ಲಬ್ಬುಗಳ ವಾರದ ಸ್ಪರ್ಧೆ ಹಾಗೇ ಇರುತ್ತದೆ. ಮೂರು-ನಾಲ್ಕು ಮಂದಿ ಒಂದು ಗುಂಪಾಗಿ ಹೊರಡುತ್ತಾರೆ. ಮುಂದಿನ ನಾಲ್ಕು ತಾಸು ಅವರ ಹಿಂದೆ ಸೀಟಿ ಹಿಡಿದು ಬರುವವರು ಯಾರೂ ಇಲ್ಲ. ತಪ್ಪು ಮಾಡಿದವನೇ ಕೈ ಎತ್ತಿ ಹೇಳಬೇಕು, ದಂಡವನ್ನೂ ಅವನೇ ಹಾಕಿಕೊಳ್ಳಬೇಕು.

ಗಾಲ್ಫ್ ಈ ತಾಲ್ಲೂಕುಗಳ ಆಟವಲ್ಲ, ಆಗಲೇಬೇಕೆಂದೂ ಇಲ್ಲ. ಹದಿನೆಂಟು ಹೋಲಿನ ಒಂದು ಮೈದಾನಕ್ಕೆ ನೂರು-ನೂರೈವತ್ತು ಎಕರೆ ಬೇಕಾಗುತ್ತದೆ. ಘಟಪ್ರಭೆಯ ನೀರುಣ್ಣುವ ಅಷ್ಟು ಕರಿಮಣ್ಣನ್ನು ಹುಲ್ಲು ಬೆಳೆಸಲು ಬಿಡಿ ಎಂದು ಮುಧೋಳದ ಕಬ್ಬು ಬೆಳೆಗಾರನಿಗೆ ಹೇಳುವ ಧೈರ್ಯ ಯಾರಿಗಿದೆ? ಆದರೆ ಮುಧೋಳದ ಮಕ್ಕಳೆಲ್ಲ ಈಗ ಮುಧೋಳದಲ್ಲೇ ಉಳಿದಿಲ್ಲ. ಬನಹಟ್ಟಿಯ ಮಗ್ಗದ ಮನೆಯಲ್ಲಿ ಹುಟ್ಟಿದ ಹುಡುಗ ಬೆಂಗಳೂರಿನ ಕಂಪನಿಯಲ್ಲಿದ್ದಾನೆ, ಬೀಳಗಿಯ ಹುಡುಗಿ ಪುಣೆಯಲ್ಲಿದ್ದಾಳೆ. ಆಫೀಸಿನ ಹಿರಿಯರು ಒಂದು ದಿನ ಕರೆದು, ಬರುವ ರವಿವಾರ ಕ್ಲಬ್ಬಿನ ಕಾಂಪಿಟಿಶನ್ ಇದೆ, ಹೆಸರು ಕೊಡು ಎನ್ನುತ್ತಾರೆ. ನಾಲ್ಕಾರು ತಿಂಗಳು ಅಭ್ಯಾಸದ ಮೈದಾನದಲ್ಲಿ ಚೆಂಡು ಹೊಡೆದು ಕೈ ಕುದುರಿಸಿಕೊಂಡವನಿಗೆ ಹೊಡೆಯಲು ಅಂಜಿಕೆ ಇರುವುದಿಲ್ಲ. ಎಲ್ಲಿ ನಿಲ್ಲಬೇಕು, ಯಾವಾಗ ಸುಮ್ಮನಿರಬೇಕು, ಯಾವುದು ತಪ್ಪು ಎಂಬುದು ಗೊತ್ತಿಲ್ಲವೆಂದೇ ಅಂಜಿಕೆ.

ಮನೆಯಲ್ಲಿ ಕೂತು ಈ ಆಟ ನೋಡಿದವರಿಗೂ ಒಂದು ಬೆಳಗು ನೆನಪಿರಬಹುದು. 2021ರ ಆಗಸ್ಟ್ 7, ಶನಿವಾರ. ಸಂಜೆ ನೀರಜ್ ಚೋಪ್ರಾ ಭರ್ಜಿ ಎಸೆದು ಬಂಗಾರ ತಂದ ದಿನವೇ. ಅಂದು ಬೆಳಗ್ಗೆ ಟೋಕಿಯೊ ಒಲಿಂಪಿಕ್ಸ್‌ನ ಗಾಲ್ಫ್ ಕೊನೆಯ ಸುತ್ತಿನಲ್ಲಿ ಬೆಂಗಳೂರಿನ ಅದಿತಿ ಅಶೋಕ್ ಪದಕದ ಹತ್ತಿರ ಇದ್ದಳು. ಅವಳ ಕೋಲಿನ ಚೀಲ ಹೊತ್ತು ಪಕ್ಕದಲ್ಲಿ ನಡೆಯುತ್ತಿದ್ದವರು ಅವಳ ತಾಯಿ. ಬರ್ಡಿ ಎಂದರೇನು, ಬೋಗಿ ಎಂದರೇನು ಎಂದು ದೇಶವೇ ಕೇಳಿತು. ಒಂದು ಹೋಲಿಗೆ ಇಷ್ಟು ಹೊಡೆತ ಎಂದು ಗೊತ್ತುಮಾಡಿದ ಲೆಕ್ಕ ಪಾರ್. ಅದಕ್ಕಿಂತ ಒಂದು ಕಡಿಮೆ ಹೊಡೆದರೆ ಬರ್ಡಿ, ಒಂದು ಹೆಚ್ಚಾದರೆ ಬೋಗಿ. ಅದಿತಿ ನಾಲ್ಕನೆಯವಳಾದಳು. ಕಂಚಿಗೂ ಅವಳಿಗೂ ಇದ್ದ ಅಂತರ ಒಂದೇ ಹೊಡೆತ. ನಾಲ್ಕು ದಿನ, ಎಪ್ಪತ್ತೆರಡು ಹೋಲು, ಎಲ್ಲ ಮುಗಿದ ಮೇಲೆ ಒಂದು ಹೊಡೆತ. ಒಂದು ಹೊಡೆತದ ದಂಡಕ್ಕೆ ಈ ಆಟದಲ್ಲಿ ಎಷ್ಟು ತೂಕ ಎಂಬುದಕ್ಕೆ ಬೇರೆ ಉದಾಹರಣೆ ಬೇಡ.

ಕರ್ನಾಟಕಕ್ಕೆ ಗಾಲ್ಫ್ ಬಂದು ಒಂದೂವರೆ ಶತಮಾನವಾಯಿತು. ಬೆಂಗಳೂರು ಗಾಲ್ಫ್ ಕ್ಲಬ್ ಶುರುವಾದದ್ದು 1876ರಲ್ಲಿ, ದಂಡು ಪ್ರದೇಶದ ಬ್ರಿಟಿಷರಿಂದ. ಮೈಸೂರಿನಲ್ಲಿ ರೇಸ್‌ಕೋರ್ಸಿನ ಒಳಗೇ ಗಾಲ್ಫ್ ಮೈದಾನವಿದೆ. ಮಡಿಕೇರಿ, ಬಿಟ್ಟಂಗಾಲ, ಚಿಕ್ಕಮಗಳೂರುಗಳಲ್ಲಿ ಕಾಫಿ ತೋಟದವರು ಆಡುತ್ತಾರೆ. ಅದಿತಿಯ ಕೈಗೆ ಮೊದಲು ಕೋಲು ಬಂದದ್ದು ಬೆಂಗಳೂರಿನ ಚಲ್ಲಘಟ್ಟದ ಕರ್ನಾಟಕ ಗಾಲ್ಫ್ ಅಸೋಸಿಯೇಷನ್ ಮೈದಾನದಲ್ಲಿ. ಅದೇ ಮೈದಾನದಲ್ಲಿ ಬೇರೆಯವರ ಚೀಲ ಹೊರುವ ಕ್ಯಾಡಿಯಾಗಿದ್ದ ಸಿ. ಮುನಿಯಪ್ಪ 2009ರಲ್ಲಿ ಇಂಡಿಯನ್ ಓಪನ್ ಗೆದ್ದ. ಕೊರಿಯಾದ ಆಟಗಾರನೊಂದಿಗೆ ಸಮವಾಗಿ, ಸಮ ಮುರಿಯಲು ಮತ್ತೆ ಆಡಿಸುವ ಪ್ಲೇಆಫ್‌ನಲ್ಲಿ ಗೆದ್ದದ್ದು. ಗಾಲ್ಫ್ ಶ್ರೀಮಂತರ ಆಟ ಎಂಬ ಮಾತು ಸುಳ್ಳಲ್ಲ. ಆದರೆ ಅದರ ರೀತಿ-ರಿವಾಜನ್ನು ಚೆನ್ನಾಗಿ ಬಲ್ಲವರು ಯಾರೆಂದು ಕೇಳಿದರೆ ಕ್ಲಬ್ಬಿನ ಸದಸ್ಯರಿಗಿಂತ ಮೊದಲು ಕ್ಯಾಡಿಗಳನ್ನೇ ತೋರಿಸಬೇಕು. ದಿನಾ ಬೆಳಗಾದರೆ ಹತ್ತು ಮಂದಿಯ ಹತ್ತು ತಪ್ಪು ನೋಡುವವರು ಅವರು.

ಆದ್ದರಿಂದ ಮೊದಲ ಸ್ಪರ್ಧೆಗೆ ಹೊರಟ ಬನಹಟ್ಟಿಯ ಹುಡುಗ ಮಾಡಬೇಕಾದ ಮೊದಲ ಕೆಲಸ, ಕ್ಯಾಡಿಯನ್ನು ಅಣ್ಣಾ ಎಂದು ಕರೆದು ಪರಿಚಯ ಮಾಡಿಕೊಂಡು, ನನಗಿದು ಮೊದಲ ಕಾಂಪಿಟಿಶನ್ ಎಂದು ಹೇಳಿಬಿಡುವುದು. ಅವನ ಹತ್ತಿರ ಏನು ಬೇಕಾದರೂ ಕೇಳಬಹುದು: ಯಾವ ಕೋಲು, ಯಾವ ದಿಕ್ಕು, ಹೋಲಿನ ಸುತ್ತಲಿನ ನುಣುಪು ಹುಲ್ಲು, ಅಂದರೆ ಗ್ರೀನ್, ಯಾವ ಕಡೆ ಇಳಿಜಾರು. ಆದರೆ ಜೊತೆಯಲ್ಲಿ ಆಡುವ ಎದುರಾಳಿಯನ್ನು ಅದೇ ಪ್ರಶ್ನೆ ಕೇಳುವಂತಿಲ್ಲ. ನೀವು ಈಗ ಯಾವ ಕೋಲಿನಿಂದ ಹೊಡೆದಿರಿ ಸರ್ ಎಂದು ಕೇಳಿದರೆ ಎರಡು ಹೊಡೆತ ದಂಡ. ಆ ಸರ್ ಪ್ರೀತಿಯಿಂದ, ಇಲ್ಲಿ ಏಳನೇ ನಂಬರ್ ತೊಗೊ ತಮ್ಮಾ ಎಂದರೆ ದಂಡ ಅವರಿಗೆ. ಧ್ವಜಕ್ಕೆ ಎಷ್ಟು ದೂರ, ಗುಡ್ಡದ ಆಚೆ ಮರಳಿನ ಬಂಕರ್ ಇದೆಯೇ, ನಿಯಮ ಏನು ಎಂದು ಮಾತ್ರ ಯಾರನ್ನಾದರೂ ಕೇಳಬಹುದು. ಅವು ಎಲ್ಲರಿಗೂ ಸೇರಿದ ಮಾಹಿತಿ. ಕ್ಯಾಡಿಗೂ ಒಂದು ಕಟ್ಟು ಇದೆ. ಆಟಗಾರ ಹೊಡೆಯಲು ಕಾಲೂರಿ ನಿಲ್ಲತೊಡಗಿದ ಮೇಲೆ ಕ್ಯಾಡಿ ಚೆಂಡಿನ ಹಿಂದಿನ ನೇರದಲ್ಲಿ ನಿಂತು ದಿಕ್ಕು ಸರಿಮಾಡಿ ಕೊಡುವಂತಿಲ್ಲ. ಕ್ಯಾಡಿ ತಪ್ಪು ಮಾಡಿದರೆ ದಂಡ ಬೀಳುವುದು ಆಟಗಾರನ ತಲೆಗೆ.

ಇನ್ನು ಉಡುಪು. ಕಾಲರ್ ಇರುವ ಅಂಗಿ, ಜೀನ್ಸ್ ಅಲ್ಲದ ಪ್ಯಾಂಟು, ಹುಲ್ಲು ಕೀಳದ ಬೂಟು ಎಂದು ಬಹುತೇಕ ಕ್ಲಬ್ಬುಗಳು ಕೇಳುತ್ತವೆ. ಹೊಸಬರಿಗೆ ಎಲ್ಲರೂ ಮೊದಲು ಹೇಳಿಕೊಡುವುದು ಇದನ್ನೇ. ಇಂಗ್ಲಿಷರು ಬಿಟ್ಟುಹೋದ ಈ ಕಾಲರಿನ ಕಾಳಜಿಯ ಅರ್ಧದಷ್ಟನ್ನು ಗ್ರೀನಿನ ಮೇಲಿನ ಗುಳಿ ಮುಚ್ಚುವುದಕ್ಕೆ ತೋರಿಸಿದ್ದರೆ ಮೈದಾನಗಳು ಇನ್ನೂ ಚೆನ್ನಾಗಿರುತ್ತಿದ್ದವು. ಇರಲಿ, ಕ್ಲಬ್ಬಿಗೆ ಒಂದು ಫೋನ್ ಮಾಡಿ ಉಡುಪಿನ ನಿಯಮ ಕೇಳಿಕೊಂಡರೆ ಮುಗಿಯಿತು.

ಸಮಯದ ವಿಷಯ ಹಾಗೆ ಸಲೀಸಾಗಿ ಮುಗಿಯುವುದಿಲ್ಲ. ಪ್ರತಿ ಹೋಲಿನ ಮೊದಲ ಹೊಡೆತ ಹೊಡೆಯುವ ಜಾಗಕ್ಕೆ ಟೀ ಎನ್ನುತ್ತಾರೆ. ಟೀ ಸಮಯ ಎಂಟು ಹತ್ತು ಎಂದು ಪಟ್ಟಿಯಲ್ಲಿ ಬರೆದಿದ್ದರೆ, ಎಂಟು ಹತ್ತಕ್ಕೆ ಮೊದಲ ಟೀಯಲ್ಲಿ ಹೊಡೆಯಲು ತಯಾರಾಗಿ ನಿಂತಿರಬೇಕು ಎಂದರ್ಥ. ಐದು ನಿಮಿಷದ ಒಳಗೆ ತಡವಾಗಿ ಬಂದರೆ ಮೊದಲ ಹೋಲಿನಲ್ಲೇ ಎರಡು ಹೊಡೆತ ದಂಡ. ಅದಕ್ಕೂ ತಡವಾದರೆ ಸ್ಪರ್ಧೆಯಿಂದಲೇ ಔಟ್. ಬೆಂಗಳೂರಿನ ಟ್ರಾಫಿಕ್ಕಿನ ನೆಪ ನಿಯಮ ಪುಸ್ತಕದಲ್ಲಿ ಇಲ್ಲ. ಬೇಗ ಬಂದ ಹುಮ್ಮಸ್ಸಿನಲ್ಲಿ ಮೊದಲ ಹೋಲಿನತ್ತ ಹೋಗಿ ಎರಡು ಚೆಂಡು ಹೊಡೆದು ನೋಡಿದರೆ ಅದೂ ತಪ್ಪೇ: ಹೊಡೆತ ಲೆಕ್ಕದ ಸ್ಪರ್ಧೆಯ ದಿನ, ಆಟಕ್ಕೆ ಮುಂಚೆ ಮೈದಾನದ ಮೇಲೆ ಅಭ್ಯಾಸ ಮಾಡುವಂತಿಲ್ಲ. ಅದಕ್ಕೆಂದೇ ಇರುವ ಅಭ್ಯಾಸದ ಗ್ರೀನಿನಲ್ಲಿ ಪಟ್ ಮಾಡಬಹುದು.

ಟೀಗೆ ಹೋಗುವ ಮುಂಚೆ ಚೀಲದ ಕೋಲುಗಳನ್ನು ಎಣಿಸಬೇಕು. ಹದಿನಾಲ್ಕಕ್ಕಿಂತ ಹೆಚ್ಚು ಇರಕೂಡದು. ಇದು ಹೊಸಬರಿಗಷ್ಟೇ ಹೇಳುವ ಮಾತು ಎಂದುಕೊಂಡವರು ನುರಿತ ಆಟಗಾರ ಇಯಾನ್ ವೂಸ್ನಮ್‌ನ ಕತೆ ಕೇಳಬೇಕು. 2001ರ ಬ್ರಿಟಿಷ್ ಓಪನ್, ಕೊನೆಯ ದಿನ. ಮೊದಲ ಹೋಲ್ ಚಿಕ್ಕದು. ಐರನ್ ಕೋಲಿನಿಂದ ಹೊಡೆದು, ಬರ್ಡಿ ಮಾಡಿ, ಎಲ್ಲರಿಗಿಂತ ಮುಂದಿದ್ದವರ ಸಾಲಿಗೆ ಬಂದ. ಎರಡನೇ ಟೀಯಲ್ಲಿ ಡ್ರೈವರ್ ತೆಗೆಯಲು ಹೋದಾಗ ಚೀಲದಲ್ಲಿ ಎರಡು ಡ್ರೈವರ್ ಇವೆ ಎಂದು ಕ್ಯಾಡಿ ಮೆಲ್ಲಗೆ ಹೇಳಿದ. ಬೆಳಗಿನ ಅಭ್ಯಾಸಕ್ಕೆ ತಂದ ಇನ್ನೊಂದನ್ನು ತೆಗೆದಿಡುವುದು ಮರೆತುಹೋಗಿತ್ತು. ಒಟ್ಟು ಹದಿನೈದು ಕೋಲು, ಎರಡು ಹೊಡೆತ ದಂಡ. ವೂಸ್ನಮ್ ಅಂದು ಮೂರನೇ ಸ್ಥಾನವನ್ನು ಹಲವರೊಂದಿಗೆ ಹಂಚಿಕೊಂಡ. ಆ ಎರಡು ಹೊಡೆತ ಇಲ್ಲದಿದ್ದರೆ ಎರಡನೇ ಸ್ಥಾನ ಅವನೊಬ್ಬನದೇ ಆಗುತ್ತಿತ್ತು.

ಕೋಲು ಎಣಿಸಿದ ಮೇಲೆ ಚೆಂಡಿಗೆ ಗುರುತು. ಒಂದೇ ಕಂಪನಿಯ, ಒಂದೇ ನಂಬರಿನ ಚೆಂಡು ಗುಂಪಿನಲ್ಲಿ ಇಬ್ಬರ ಹತ್ತಿರ ಇರುವುದು ಏನೂ ಅಪರೂಪವಲ್ಲ. ಪೆನ್ನಿನಿಂದ ಎರಡು ಚುಕ್ಕೆಯೋ ಹೆಸರಿನ ಮೊದಲ ಅಕ್ಷರವೋ ಹಾಕಿಕೊಂಡು, ಟೀಯಲ್ಲಿ ಎಲ್ಲರಿಗೂ ತೋರಿಸಿ, ನನ್ನದು ಇದು ಎಂದು ಹೇಳುವುದು ರೂಢಿ. ಬೇರೆಯವರ ಚೆಂಡು ಹೊಡೆದರೆ ಎರಡು ಹೊಡೆತ ದಂಡ, ಜೊತೆಗೆ ತನ್ನ ಚೆಂಡಿಗೆ ಮರಳಿ ಹೋಗಿ ಆಡಬೇಕು.

ಸ್ಕೋರ್ ಕಾರ್ಡ್ ಕೈಗೆ ಬಂದಾಗ ಹೊಸಬರು ಗಲಿಬಿಲಿಗೊಳ್ಳುವುದು ಖಂಡಿತ. ಕಾರ್ಡ್‌ಗಳನ್ನು ಅದಲು-ಬದಲು ಮಾಡಿಕೊಳ್ಳುತ್ತಾರೆ. ಹುಡುಗನ ಕೈಯಲ್ಲಿ ಇರುವುದು ಅವನ ಕಾರ್ಡ್ ಅಲ್ಲ, ಜೊತೆಯವರೊಬ್ಬರದು. ಅವನು ಅವರ ಮಾರ್ಕರ್. ಅವನ ಕಾರ್ಡ್ ಇನ್ನೊಬ್ಬರ ಕೈಯಲ್ಲಿ. ಎಡಗಡೆ ಹೋಲಿನ ಸಂಖ್ಯೆ, ಅದರ ಪಕ್ಕ ದೂರ, ಪಾರ್, ಸ್ಟ್ರೋಕ್ ಇಂಡೆಕ್ಸ್ ಎಂಬ ಕಷ್ಟದ ಕ್ರಮಾಂಕ, ಆಮೇಲೆ ಆಟಗಾರನ ಅಂಕಣ, ಅದಕ್ಕೆ ಹತ್ತಿದಂತೆ ಮಾರ್ಕರನ ಅಂಕಣ. ಮಾರ್ಕರನ ಅಂಕಣದಲ್ಲಿ ತನ್ನ ಹೊಡೆತಗಳನ್ನೂ ಬರೆದುಕೊಂಡು ಹೋಗುವವನು ಜಾಣ, ಕೊನೆಗೆ ತಾಳೆ ನೋಡಲು ಅನುಕೂಲ. ಪ್ರತಿ ಹೋಲ್ ಮುಗಿದಾಗ ಗ್ರೀನಿನಿಂದ ಹೊರಗೆ ಬಂದು, ಮುಂದಿನ ಟೀಗೆ ಹೋಗುತ್ತ, ಸರ್ ಐದಾ ಆರಾ ಎಂದು ಕೇಳಿ ಬರೆಯಬೇಕು. ಗ್ರೀನಿನ ಮೇಲೇ ನಿಂತು ಲೆಕ್ಕ ಹಾಕತೊಡಗಿದರೆ ಹಿಂದಿನ ಗುಂಪು ಸೊಂಟದ ಮೇಲೆ ಕೈ ಇಟ್ಟು ಕಾಯುತ್ತಿರುತ್ತದೆ.

ಕಾರ್ಡಿನ ವಿಷಯದಲ್ಲಿ ಗಾಲ್ಫ್ ಎಷ್ಟು ನಿರ್ದಯಿ ಎಂಬುದಕ್ಕೆ 1968ರ ಮಾಸ್ಟರ್ಸ್ ಟೂರ್ನಿ ಸಾಕ್ಷಿ. ಅರ್ಜೆಂಟೀನಾದ ರೊಬರ್ತೊ ದೆ ವಿಚೆಂಜೊ ಹಿಂದಿನ ವರ್ಷವಷ್ಟೇ ಬ್ರಿಟಿಷ್ ಓಪನ್ ಗೆದ್ದಿದ್ದ. ಮಾಸ್ಟರ್ಸ್‌ನ ಕೊನೆಯ ಸುತ್ತು ಅವನ ನಲವತ್ತೈದನೇ ಹುಟ್ಟುಹಬ್ಬದ ದಿನವೇ ಬಂತು. ಹದಿನೇಳನೇ ಹೋಲಿನಲ್ಲಿ ಅವನು ಮೂರು ಹೊಡೆತದಲ್ಲಿ ಚೆಂಡು ಹಾಕಿದ್ದನ್ನು ಮೈದಾನದ ಜನ, ಟಿವಿ ಮುಂದಿನ ಜನ ಎಲ್ಲ ನೋಡಿದ್ದರು. ಮಾರ್ಕರ್ ಟಾಮಿ ಆರನ್ ಕಾರ್ಡಿನಲ್ಲಿ ನಾಲ್ಕು ಎಂದು ಬರೆದ. ದೆ ವಿಚೆಂಜೊ ನೋಡದೆ ಸಹಿ ಹಾಕಿದ. ನಿಜದ ಹೊಡೆತ 65, ಕಾರ್ಡಿನಲ್ಲಿ 66. ಹೆಚ್ಚು ಬರೆದು ಸಹಿ ಹಾಕಿದರೆ ಹೆಚ್ಚಿನ ಅಂಕಿಯೇ ನಿಲ್ಲುತ್ತದೆ ಎಂಬುದು ನಿಯಮ, ಈಗಲೂ ಅದೇ. ಸಮನಾಗಿ ನಿಂತು ಪ್ಲೇಆಫ್ ಆಡಬೇಕಾಗಿದ್ದವನು ಒಂದು ಹೊಡೆತದಿಂದ ಸೋತ, ಪ್ರಶಸ್ತಿ ಬಾಬ್ ಗೋಲ್ಬಿಯ ಪಾಲಾಯಿತು. ಕಡಿಮೆ ಬರೆದು ಸಹಿ ಹಾಕಿದ್ದರೆ ಇನ್ನೂ ಕೆಟ್ಟದು: ಸ್ಪರ್ಧೆಯಿಂದಲೇ ಹೊರಗೆ. ಅಮೆರಿಕದ ಜೋರ್ಡನ್ ಸ್ಪೀತ್‌ನಂಥ ಚಾಂಪಿಯನ್ ಕೂಡ 2024ರ ಫೆಬ್ರವರಿಯಲ್ಲಿ ನಾಲ್ಕು ಆದಲ್ಲಿ ಮೂರು ಎಂದಿದ್ದ ಕಾರ್ಡಿಗೆ ಸಹಿ ಹಾಕಿ ಮನೆಗೆ ಹೋದ. ಒಟ್ಟು ಕೂಡಿಸುವುದು ತಪ್ಪಾದರೆ ದಂಡವಿಲ್ಲ, ಅದು ಸ್ಪರ್ಧೆ ನಡೆಸುವ ಕಮಿಟಿಯ ಕೆಲಸ. ಆಟಗಾರ ಹೊಣೆಗಾರನಾಗುವುದು ಒಂದೊಂದು ಹೋಲಿನ ಅಂಕಿಗೆ.

ಕಾರ್ಡಿನ ಮಾತಿನ ಜೊತೆಗೇ ಬರುವ ಹ್ಯಾಂಡಿಕ್ಯಾಪ್ ಎಂಬುದು ಏನು ಎಂದು ಕೇಳುಗರು ಕೇಳಬಹುದು. ಎಳೆಯ ಆಟಗಾರನೂ ಪಳಗಿದವನೂ ಒಂದೇ ಸ್ಪರ್ಧೆಯಲ್ಲಿ ಆಡಬೇಕಾದರೆ ಎಳೆಯನಿಗೆ ಕೆಲವು ಹೊಡೆತ ಬಿಟ್ಟುಕೊಡಬೇಕಲ್ಲ, ಆ ಲೆಕ್ಕವದು. 2020ರಿಂದ ಜಗತ್ತಿನ ಬಹುಪಾಲು ದೇಶಗಳಿಗೆ ಒಂದೇ ಪದ್ಧತಿ ಬಂದಿದೆ. ಹೆಚ್ಚೆಂದರೆ 54ರ ತನಕ ಸಿಗುತ್ತದೆ. ಹೊಸಬರನ್ನು ಕ್ಲಬ್ಬುಗಳು ಸಾಮಾನ್ಯವಾಗಿ ಸ್ಟೇಬಲ್‌ಫರ್ಡ್ ಎಂಬ ಮಾದರಿಯಲ್ಲಿ ಆಡಿಸುತ್ತವೆ. ಇಂಗ್ಲೆಂಡಿನ ವಾಲಸಿ ಕ್ಲಬ್ಬಿನಲ್ಲಿ 1932ರಲ್ಲಿ ಡಾಕ್ಟರ್ ಫ್ರಾಂಕ್ ಸ್ಟೇಬಲ್‌ಫರ್ಡ್ ಆಡಿಸಿ ತೋರಿಸಿದ ಮಾದರಿ ಇದು. ಒಂದು ಹೋಲಿನಲ್ಲಿ ಹಳ್ಳ ಹಿಡಿದರೂ ಇಡೀ ದಿನ ಕೆಡದಿರಲಿ ಎಂಬುದು ಅದರ ಉದ್ದೇಶ. ಒಂದು ಲೆಕ್ಕ ನೋಡೋಣ. ಹುಡುಗನಿಗೆ ಇಪ್ಪತ್ತು ಹೊಡೆತ ಬಿಟ್ಟಿದ್ದಾರೆ ಎಂದುಕೊಳ್ಳಿ. ಹದಿನೆಂಟೂ ಹೋಲಿಗೆ ಒಂದೊಂದು, ಉಳಿದೆರಡು ಅತಿ ಕಷ್ಟದ ಎರಡು ಹೋಲಿಗೆ. ಸ್ಟ್ರೋಕ್ ಇಂಡೆಕ್ಸ್ ಆರು ಎಂದಿರುವ ಪಾರ್ ನಾಲ್ಕರ ಹೋಲಿನಲ್ಲಿ ಅವನು ಐದು ಹೊಡೆದರೆ, ಬಿಟ್ಟ ಒಂದನ್ನು ಕಳೆದು ನಾಲ್ಕು, ಪಾರ್‌ಗೆ ಸಮ, ಎರಡು ಅಂಕ. ಆರು ಹೊಡೆದರೆ ಒಂದು ಅಂಕ. ಏಳಾದರೆ ಸೊನ್ನೆ. ಅಂದರೆ ಆರು ಹೊಡೆದೂ ಚೆಂಡು ಹೋಲಿಗೆ ಬೀಳಲಿಲ್ಲವಾದರೆ ಚೆಂಡನ್ನು ಎತ್ತಿ ಜೇಬಿಗೆ ಹಾಕಿಕೊಂಡು ಮುಂದೆ ನಡೆಯುವುದೇ ಮರ್ಯಾದೆ. ಹಟ ಹಿಡಿದು ಹತ್ತನೇ ಹೊಡೆತಕ್ಕೂ ಬಿಡೆನೆಂದು ಆಡುವವನನ್ನು ಯಾರೂ ಬೈಯುವುದಿಲ್ಲ, ಮುಂದಿನ ಸಲ ಜೊತೆಗೆ ಕರೆಯುವುದೂ ಇಲ್ಲ.

ಬರೀ ಹೊಡೆತ ಎಣಿಸುವ ಸ್ಪರ್ಧೆಯಾದರೆ ಮಾತ್ರ ಹಾಗೆ ಎತ್ತುವಂತಿಲ್ಲ. ಗೆಳೆಯರ ಆಟದಲ್ಲಿ ಚೆಂಡು ಹೋಲಿನ ಅಂಚಿಗೆ ಬಂದರೆ, ಹೋಗಲಿ ಬಿಡು, ಕೊಟ್ಟೆ ಎನ್ನುವ ಅಭ್ಯಾಸ ಎಲ್ಲ ಕ್ಲಬ್ಬುಗಳಲ್ಲೂ ಇದೆ. ಆ ಉದಾರತನ ಇಲ್ಲಿ ಕೆಲಸಕ್ಕೆ ಬಾರದು. ಗೇಣುದೂರದ ಚೆಂಡನ್ನೂ ತಟ್ಟಿ ಒಳಗೆ ಬೀಳಿಸಲೇಬೇಕು. ಬೀಳಿಸದೆ ಎತ್ತಿಕೊಂಡವನು ಮುಂದಿನ ಟೀಯಲ್ಲಿ ಹೊಡೆಯುವ ಮೊದಲು ಅದನ್ನು ಸರಿಪಡಿಸಿಕೊಳ್ಳದಿದ್ದರೆ ಸ್ಪರ್ಧೆಯಿಂದ ಹೊರಗೆ. ಹೊಸಬರು ಬಲಿಯಾಗುವುದು ಹೆಚ್ಚಾಗಿ ಇಲ್ಲೇ.

ನಡೆನುಡಿಯ ಮಾತಿಗೆ ಬಂದರೆ, ಮುಖ್ಯವಾದದ್ದು ಎಲ್ಲರೂ ಊಹಿಸಬಹುದಾದದ್ದೇ. ಹೊಡೆಯುವವನು ನಿಂತ ಮೇಲೆ ಮಾತಿಲ್ಲ, ಅಲುಗಾಟವಿಲ್ಲ, ಫೋನ್ ಗಂಟೆಯಿಲ್ಲ. ಅವನ ಬೆನ್ನ ಹಿಂದೆ ನಿಲ್ಲುವುದಿಲ್ಲ, ನೆರಳು ಅವನ ದಾರಿಯ ಮೇಲೆ ಬೀಳಬಾರದು. ಗ್ರೀನಿನಲ್ಲಿ ಇನ್ನೊಬ್ಬರ ಚೆಂಡಿಗೂ ಹೋಲಿಗೂ ನಡುವಿನ ಗೆರೆಯನ್ನು ತುಳಿಯದೆ ಸುತ್ತು ಹಾಕಿ ಹೋಗಬೇಕು. ಚೆಂಡು ಜನರಿದ್ದ ಕಡೆ ಹೋದರೆ ನಾಚಿಕೆ ಬಿಟ್ಟು 'ಫೋರ್' ಎಂದು ಗಂಟಲು ಹರಿಯುವಂತೆ ಕೂಗಬೇಕು. ಅದು ಕೇಳಿದವರು ತಲೆ ಮೇಲೆ ಕೈ ಹೊತ್ತು ಕುಕ್ಕರಿಸುತ್ತಾರೆ. ಕಲ್ಲಿನಷ್ಟು ಗಟ್ಟಿ ಚೆಂಡು ಅದು, ಸಂಕೋಚಕ್ಕೆ ಅಲ್ಲಿ ಜಾಗವಿಲ್ಲ.

ಗ್ರೀನಿನ ಮೇಲಿನ ಗುಳಿಯ ಮಾತು ಮೇಲೆ ಬಂತು. ಎತ್ತರದಿಂದ ಬಿದ್ದ ಚೆಂಡು ಮೆತ್ತಗಿನ ಗ್ರೀನಿನಲ್ಲಿ ಲೋಟದ ತಳದಷ್ಟು ಗುಳಿ ಮಾಡುತ್ತದೆ. ಅದನ್ನು ಮುಚ್ಚಲು ಎರಡು ಹಲ್ಲಿನ ಚಿಕ್ಕ ಫೋರ್ಕ್ ಜೇಬಿನಲ್ಲಿರಬೇಕು. ಹೆಚ್ಚಿನವರು ಫೋರ್ಕನ್ನು ಗುಳಿಯ ತಳಕ್ಕೆ ಚುಚ್ಚಿ ಮಣ್ಣನ್ನು ಮೇಲಕ್ಕೆ ಮೀಟುತ್ತಾರೆ. ನೋಡಲು ಸಮವಾಗುತ್ತದೆ, ಆದರೆ ಬೇರು ಹರಿದು ಅಷ್ಟು ಹುಲ್ಲು ಒಣಗುತ್ತದೆ. ಗುಳಿಯ ಅಂಚಿನ ಹೊರಗೆ ಚುಚ್ಚಿ, ಸುತ್ತಲಿನ ಹುಲ್ಲನ್ನು ನಾಲ್ಕೂ ಕಡೆಯಿಂದ ನಡುವಿಗೆ ಒತ್ತರಿಸಿ, ಆಮೇಲೆ ಪಟ್ಟರಿನ ಅಡಿಯಿಂದ ಮೆಲ್ಲಗೆ ತಟ್ಟಬೇಕು. ಹತ್ತು ಸೆಕೆಂಡಿನ ಕೆಲಸ. ತನ್ನದು ಮುಚ್ಚಿ, ಪಕ್ಕದಲ್ಲಿ ಬೇರೆ ಯಾರೋ ಬಿಟ್ಟುಹೋದ ಒಂದನ್ನೂ ಮುಚ್ಚುವವನನ್ನು ಕ್ಯಾಡಿಗಳು ಗುರುತಿಟ್ಟುಕೊಳ್ಳುತ್ತಾರೆ. ಬಂಕರಿನ ಮರಳಿನಲ್ಲೂ ಹೀಗೆಯೇ: ತಗ್ಗಿದ ಅಂಚಿನಿಂದ ಇಳಿದು, ಹೊಡೆದು, ಹೆಜ್ಜೆ ಗುರುತನ್ನೆಲ್ಲ ಕುಂಟೆಯಿಂದ ಎಳೆದು ಹೊರಬರಬೇಕು. ಹೊಡೆಯುವ ಮುಂಚೆ ಕೋಲನ್ನು ಚೆಂಡಿನ ಹಿಂದೆ ಮರಳಿಗೆ ಊರಿದರೆ ಅದಕ್ಕೂ ಎರಡು ಹೊಡೆತ.

ನಿಯಮ ಪುಸ್ತಕ ನಮ್ಮ ಕಡೆಯ ನೆಲಕ್ಕೂ ಸಲ್ಲುವಂತಿದೆ ಎಂದರೆ ನಗು ಬರಬಹುದು, ಆದರೆ ನಿಜ. ಚೆಂಡಿನ ಪಕ್ಕ ಸಗಣಿ ಬಿದ್ದಿದ್ದರೆ ಎತ್ತಿ ಹಾಕಬಹುದು, ದಂಡವಿಲ್ಲ. ಒಣಗಿದ ಎಲೆ, ಕಲ್ಲು, ಇರುವೆ ಗೂಡಿನ ಮಣ್ಣು ಎಲ್ಲದಕ್ಕೂ ಅದೇ ಮಾತು. ಆದರೆ ತೆಗೆಯುವಾಗ ಚೆಂಡು ಅಲುಗಿದರೆ, ಗ್ರೀನಿನಲ್ಲಿ ಬಿಟ್ಟು ಬೇರೆಡೆ ಒಂದು ಹೊಡೆತ ದಂಡ, ಚೆಂಡನ್ನು ಮೊದಲಿದ್ದಲ್ಲೇ ಇಡಬೇಕು. ನಿಂತಿದ್ದ ಚೆಂಡನ್ನು ಮುಧೋಳ ನಾಯಿಯೊಂದು ಬಾಯಲ್ಲಿ ಕಚ್ಚಿ ಓಡಿತೆಂದುಕೊಳ್ಳಿ. ಹಿಡಿಯಲು ಹೋಗುವುದು ವ್ಯರ್ಥ. ನಾಯಿ ಒಯ್ದದ್ದನ್ನು ಕಣ್ಣಾರೆ ಕಂಡಿದ್ದರೆ ಸಾಕು, ಚೆಂಡು ಇದ್ದ ಜಾಗವನ್ನು ಅಂದಾಜು ಮಾಡಿ ಬೇರೆ ಚೆಂಡು ಇಟ್ಟು ಆಡಬಹುದು, ದಂಡವಿಲ್ಲ. ಗೂಟಗಳಿಗೂ ಬಣ್ಣದ ಭಾಷೆ ಇದೆ. ಬಿಳಿ ಗೂಟದ ಆಚೆ ಮೈದಾನ ಮುಗಿಯಿತು. ಹಳದಿ, ಕೆಂಪು ಗೂಟ ಕೆರೆ-ಹಳ್ಳದಂಥ ದಂಡದ ಜಾಗಕ್ಕೆ. ಕೆಂಪು ಗೂಟ ಅಡ್ಡ ಬಂದರೆ ಕಿತ್ತು ಪಕ್ಕಕ್ಕಿಟ್ಟು ಹೊಡೆಯಬಹುದು. ಬಿಳಿ ಗೂಟವನ್ನು ಮುಟ್ಟಬಾರದು, ಎಷ್ಟೇ ಸಡಿಲವಿದ್ದರೂ. ಊರ ಗಡಿಕಲ್ಲನ್ನು ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಚೆಂಡು ಕಳೆದರೆ ಹುಡುಕಲು ಮೂರೇ ನಿಮಿಷ. 2019ರ ತನಕ ಐದು ಇತ್ತು, ಆಟ ಬೇಗ ಸಾಗಲೆಂದು ಇಳಿಸಿದರು. ಸಿಗದಿದ್ದರೆ ಮೊದಲು ಹೊಡೆದ ಜಾಗಕ್ಕೇ ಮರಳಿ, ಒಂದು ದಂಡ ಸೇರಿಸಿ ಹೊಡೆಯಬೇಕು. ಬಿಸಿಲಲ್ಲಿ ಆ ನಡಿಗೆ ತಪ್ಪಿಸಲು ಉಪಾಯವಿದೆ: ಚೆಂಡು ಪೊದೆಯತ್ತ ಹೋಯಿತು ಎನ್ನಿಸಿದ ಕೂಡಲೇ, ಅಲ್ಲಿಂದಲೇ, 'ಪ್ರೊವಿಷನಲ್ ಹೊಡೆಯುತ್ತೇನೆ' ಎಂದು ಜೊತೆಯವರಿಗೆ ಕೇಳುವಂತೆ ಹೇಳಿ ಇನ್ನೊಂದನ್ನು ಹೊಡೆಯುವುದು. ಹೇಳದೆ ಹೊಡೆದರೆ ಎರಡನೆಯದೇ ಆಟದ ಚೆಂಡಾಗುತ್ತದೆ. ಮೊದಲನೆಯದು ಆಮೇಲೆ ಸಿಕ್ಕರೂ ಉಪಯೋಗವಿಲ್ಲ. ಎತ್ತಿದ ಚೆಂಡನ್ನು ಬಿಡುವಾಗ ಈಗ ಮೊಳಕಾಲಿನ ಮಟ್ಟದಿಂದ ಬಿಡಬೇಕು, ಹಿಂದೆ ಭುಜದ ಎತ್ತರದಿಂದ ಬಿಡುತ್ತಿದ್ದರು. ಹಳೆಯ ಸದಸ್ಯರು ಕೈ ಚಾಚಿ ಭುಜದಿಂದಲೇ ಬಿಡುವುದನ್ನು ಇಂದಿಗೂ ನೋಡಬಹುದು. ಅವರನ್ನು ನೋಡಿ ಕಲಿಯಬೇಡಿ.

ನಿಯಮ ನೆನಪಿಗೆ ಬರದೆ ಎರಡು ಮನಸ್ಸಾದರೆ ಹೊಡೆತ ಲೆಕ್ಕದ ಆಟದಲ್ಲಿ ಒಂದು ದಾರಿ ಇದೆ, ಇದನ್ನು ಹೊಸಬರಿಗೆ ಯಾರೂ ಹೇಳಿಕೊಡುವುದಿಲ್ಲ. ಮಾರ್ಕರ್‌ಗೆ ಹೇಳಿ, ಎರಡು ಚೆಂಡಿನಲ್ಲಿ ಆ ಹೋಲ್ ಮುಗಿಸಬಹುದು. ಒಂದು ಹೀಗೆ, ಇನ್ನೊಂದು ಹಾಗೆ. ಯಾವುದು ಲೆಕ್ಕಕ್ಕೆ ಬರಲಿ ಎಂಬುದನ್ನೂ ಮೊದಲೇ ಹೇಳಬೇಕು. ಕಾರ್ಡ್ ಕೊಡುವ ಮುಂಚೆ ಕಮಿಟಿಗೆ ನಡೆದದ್ದನ್ನು ತಿಳಿಸಿದರೆ ಅವರು ತೀರ್ಮಾನಿಸುತ್ತಾರೆ. ಎರಡೂ ಚೆಂಡಿನಲ್ಲಿ ಒಂದೇ ಲೆಕ್ಕ ಬಂದಿದ್ದರೂ ತಿಳಿಸಲೇಬೇಕು, ಸುಮ್ಮನಿದ್ದರೆ ಸ್ಪರ್ಧೆಯಿಂದ ಹೊರಗೆ.

ವೇಗದ ಬಗ್ಗೆ ಎರಡು ಮಾತು ಸಾಕು. ಹಿಂದಿನ ಗುಂಪಿಗಿಂತ ಮುಂದಿದ್ದರೆ ಸಾಲದು, ಮುಂದಿನ ಗುಂಪಿನ ಬೆನ್ನಿಗಿರಬೇಕು. ಸರದಿ ಬಂದ ಮೇಲೆ ನಲವತ್ತು ಸೆಕೆಂಡಿನೊಳಗೆ ಹೊಡೆಯಬೇಕೆಂದು ನಿಯಮ ಪುಸ್ತಕ ಸಲಹೆ ಕೊಡುತ್ತದೆ. ಗಾಳಿಯಲ್ಲಿ ಐದಾರು ಸಲ ಕೋಲು ಬೀಸಿ, ಹುಲ್ಲು ಕಿತ್ತು ಹಾರಿಸಿ ಗಾಳಿ ನೋಡುವುದೆಲ್ಲ ಟಿವಿಯಲ್ಲಿ ಚೆನ್ನ.

ಗಾಲ್ಫ್‌ಗೆ ಬರಹದಲ್ಲಿ ನಿಯಮ ಬಂದದ್ದು 1744ರಲ್ಲಿ. ಎಡಿನ್‌ಬರೋ ಪಕ್ಕದ ಲೀತ್‌ನಲ್ಲಿ ಬೆಳ್ಳಿಯ ಕೋಲಿಗಾಗಿ ಸ್ಪರ್ಧೆ ಇಟ್ಟಾಗ ಬರೆದದ್ದು ಹದಿಮೂರೇ ನಿಯಮ. ಗೆದ್ದವನು ಜಾನ್ ರಾಟ್ರೆ ಎಂಬ ವೈದ್ಯ. 2019ರಲ್ಲಿ ಪರಿಷ್ಕರಿಸಿದಾಗ ಮೂವತ್ನಾಲ್ಕಿದ್ದುದನ್ನು ಇಪ್ಪತ್ನಾಲ್ಕಕ್ಕೆ ತಂದರು. ಹಿಂದೆ ಶಿಷ್ಟಾಚಾರ ಎಂದು ಪುಸ್ತಕದ ಮುಂದೆ ಬೇರೆಯಾಗಿ ಇರುತ್ತಿದ್ದ ಮಾತುಗಳು ಈಗ ಮೊದಲನೇ ನಿಯಮದ ಒಳಗೇ ಸೇರಿವೆ: ಪ್ರಾಮಾಣಿಕವಾಗಿ ಆಡು, ಇತರರ ಕಾಳಜಿ ಮಾಡು, ಮೈದಾನ ಕಾಪಾಡು. ತೀರಾ ಕೆಟ್ಟ ನಡತೆ ತೋರಿದವನನ್ನು ಕಮಿಟಿ ಹೊರಗೆ ಹಾಕಬಹುದು.

ಈ ಪ್ರಾಮಾಣಿಕತೆ ಬರೀ ಬಾಯಿಮಾತೇ ಎಂದು ಕೇಳುವವರಿಗೆ ಹಳೆಯ ಚಾಂಪಿಯನ್ ಬಾಬಿ ಜೋನ್ಸ್‌ನನ್ನು ತೋರಿಸುವುದು ಗಾಲ್ಫ್ ಬಲ್ಲವರ ವಾಡಿಕೆ. 1925ರ ಅಮೆರಿಕನ್ ಓಪನ್, ವೂಸ್ಟರ್ ಮೈದಾನ, ಹನ್ನೊಂದನೇ ಹೋಲ್. ಎತ್ತರದ ಹುಲ್ಲಿನಲ್ಲಿದ್ದ ಚೆಂಡಿನ ಹಿಂದೆ ಕೋಲು ಇಡುವಾಗ ಅದು ತುಸು ಅಲುಗಿತು ಎಂದು ಅವನೇ ಹೇಳಿದ. ಬೇರೆ ಯಾರೂ ನೋಡಿರಲಿಲ್ಲ. ಅಧಿಕಾರಿಗಳು ಬೇಡವೆಂದರೂ ಕೇಳದೆ ತನಗೆ ಒಂದು ಹೊಡೆತ ದಂಡ ಹಾಕಿಕೊಂಡ. ನಾಲ್ಕು ಸುತ್ತಿನ ಕೊನೆಗೆ ವಿಲಿ ಮ್ಯಾಕ್‌ಫರ್ಲೇನ್ ಜೊತೆ ಸಮನಾಗಿ ನಿಂತ, ಪ್ಲೇಆಫ್‌ನಲ್ಲಿ ಸೋತ. ಆ ಒಂದು ಹೊಡೆತ ಇಲ್ಲದಿದ್ದರೆ ಪ್ಲೇಆಫೇ ಬೇಕಿರಲಿಲ್ಲ. ಇದನ್ನು ಹಳೆಯ ಕಾಲದ ದೊಡ್ಡತನ ಎಂದು ತಳ್ಳುವಂತಿಲ್ಲ. 2010ರಲ್ಲಿ ಅಮೆರಿಕದ ಹಾರ್ಬರ್ ಟೌನ್‌ನಲ್ಲಿ ಇಂಗ್ಲೆಂಡಿನ ಬ್ರಯನ್ ಡೇವಿಸ್ ತನ್ನ ಮೊದಲ ಪಿಜಿಎ ಟೂರ್ ಪ್ರಶಸ್ತಿಗಾಗಿ ಪ್ಲೇಆಫ್ ಆಡುತ್ತಿದ್ದ. ಕೋಲು ಹಿಂದಕ್ಕೆ ಎತ್ತುವಾಗ ಒಣಗಿದ ಜೊಂಡಿನ ಕಡ್ಡಿಯೊಂದಕ್ಕೆ ತಾಗಿದಂತಾಯಿತು. ತಾನೇ ಅಧಿಕಾರಿಯನ್ನು ಕರೆದು ಹೇಳಿದ. ಟಿವಿಯನ್ನು ನಿಧಾನ ಮಾಡಿ ನೋಡಿದರಷ್ಟೇ ಕಾಣುವಂಥ ಅಲುಗಾಟ. ಎರಡು ಹೊಡೆತ ದಂಡ ಬಿತ್ತು, ಪ್ರಶಸ್ತಿ ಜಿಮ್ ಫ್ಯೂರಿಕ್‌ಗೆ ಹೋಯಿತು.

ಇವರೆಲ್ಲ ಸಂತರೆಂದು ಹೇಳಿದರೆ ಸುಳ್ಳಾಗುತ್ತದೆ. ಪೊದೆಯೊಳಗೆ ಬೂಟಿನ ತುದಿಯಿಂದ ಚೆಂಡು ಸರಿಸುವವರು ಎಲ್ಲ ಕ್ಲಬ್ಬಿನಲ್ಲೂ ಇದ್ದಾರೆ, ಆರು ಹೊಡೆದು ಐದು ಎನ್ನುವವರೂ ಇದ್ದಾರೆ. ಕ್ಯಾಡಿಗಳು ಅವರ ಹೆಸರು ಹೇಳುವುದಿಲ್ಲ, ಆದರೆ ಎಲ್ಲರಿಗೂ ಗೊತ್ತಿರುತ್ತದೆ. ಮಾರ್ಕರ್ ಆದ ಹುಡುಗನ ಕೈಯಲ್ಲಿ ಹೀಗೆ ಆಫೀಸಿನ ಹಿರಿಯರದೇ ಕಾರ್ಡ್ ಇದ್ದು, ಅವರು ಐದು ಎಂದಲ್ಲಿ ಅವನು ಆರು ಎಣಿಸಿದ್ದರೆ ಏನು ಮಾಡಬೇಕು? ಸರ್, ಬಂಕರಿನಲ್ಲಿ ಎರಡು ಆಯಿತಲ್ಲ ಎಂದು ಅಲ್ಲೇ, ಆಗಲೇ, ಮೆತ್ತಗೆ ಕೇಳಬೇಕು. ನಿಜವಾಗಿ ಮರೆತವರು ಹೌದಪ್ಪ ಎನ್ನುತ್ತಾರೆ. ಒಪ್ಪದಿದ್ದರೆ ಮಾರ್ಕರ್ ಸಹಿ ಹಾಕಬೇಕಾಗಿಲ್ಲ. ಕಮಿಟಿಯ ಮುಂದೆ ಇಟ್ಟರೆ ಅವರು ನೋಡಿಕೊಳ್ಳುತ್ತಾರೆ. ತನಗೆ ಸುಳ್ಳೆಂದು ಗೊತ್ತಿರುವ ಅಂಕಿಗೆ ಸಹಿ ಹಾಕಿದ ಮಾರ್ಕರನೂ ಸ್ಪರ್ಧೆಯಿಂದ ಹೊರಬೀಳುತ್ತಾನೆ. ನೌಕರಿಯ ಭಯದಲ್ಲಿ ಸಹಿ ಹಾಕುವವರನ್ನು ದೂರ ನಿಂತು ತೂಗುವುದು ಸುಲಭ. ನಿಯಮ ಮಾತ್ರ ಅವರನ್ನೂ ಬಿಡುವುದಿಲ್ಲ.

ಹದಿನೆಂಟನೇ ಹೋಲ್ ಮುಗಿದಾಗ ಟೋಪಿ ತೆಗೆದು ಕೈಕುಲುಕಬೇಕು, ಜೊತೆಯವರಿಗೂ ಕ್ಯಾಡಿಗಳಿಗೂ. ಕ್ಯಾಡಿಯ ಕೂಲಿಯನ್ನು ಕ್ಲಬ್ ಗೊತ್ತುಮಾಡಿರುತ್ತದೆ, ಅದನ್ನು ಅಲ್ಲೇ ಕೊಟ್ಟುಬಿಡಬೇಕು. ಬಹುಮಾನ ಬರಲಿ ಬಿಡಲಿ, ಬಹುಮಾನ ಕೊಡುವ ಹೊತ್ತಿಗೆ ಉಳಿದುಕೊಳ್ಳುವುದು ವಾಡಿಕೆ.

ಇಂಗ್ಲಿಷಿನ ನಿಯಮ ಪುಸ್ತಕ ಮೊಬೈಲಿನಲ್ಲಿ ಬಿಟ್ಟಿಯಾಗಿ ಸಿಗುತ್ತದೆ. ಸ್ಕಾಟ್ಲೆಂಡಿನ ಸೇಂಟ್ ಆಂಡ್ರೂಸ್‌ನ ಆರ್ ಅಂಡ್ ಎ ಸಂಸ್ಥೆಯ ಆ್ಯಪ್ ಅದು. ಹೊರಡುವ ಮುಂಚಿನ ರಾತ್ರಿ ಇಡೀ ಪುಸ್ತಕ ಓದುವ ಸಾಹಸ ಬೇಡ. ಆಯಾ ಕ್ಲಬ್ಬಿನ ಸ್ಥಳೀಯ ನಿಯಮಗಳು ಕಾರ್ಡಿನ ಹಿಂಬದಿಯಲ್ಲಿ ಅಚ್ಚಾಗಿರುತ್ತವೆ, ಅಷ್ಟನ್ನು ಓದಿ. ಕಾರ್ಡ್ ಕೊಡುವಾಗ ಅವಸರ ಮಾಡಬೇಡಿ. ಮಾರ್ಕರ್ ಜೊತೆ ಕೂತು ಒಂದರಿಂದ ಹದಿನೆಂಟರ ತನಕ ಒಂದೊಂದೇ ಅಂಕಿಯನ್ನು ಬಾಯಿಬಿಟ್ಟು ಓದಿಸಿ, ಆಮೇಲೆ ಸಹಿ ಹಾಕಿ.